ಸೌಟು ನುಂಗಿದವರ ಮನೆ

ನಮ್ಮ ಮನೆಯಲ್ಲಿ ಯಾರೂ ಯಾರ ಹತ್ತಿರವೂ ಏನನ್ನೂ ಕೇಳಿ ತರುತ್ತಿರಲಿಲ್ಲ. ಓಣಿಯ ಉಳಿದ ಮನೆಗಳಲ್ಲಿ ಬೆಳಗಾದರೆ ಬಟ್ಟಲುಗಳು ಓಡಾಡುತ್ತಿದ್ದವು. ಈ ಮನೆಯ ಸಕ್ಕರೆ ಆ ಮನೆಗೆ, ಆ ಮನೆಯ ಹೆಪ್ಪು ಈ ಮನೆಗೆ, ಒಬ್ಬರ ಜರಡಿ ಇನ್ನೊಬ್ಬರ ಅಂಗಳಕ್ಕೆ. ನಮ್ಮ ಹೊಸ್ತಿಲು ದಾಟಿ ಮಾತ್ರ ಒಂದು ಚಿಟಿಕೆ ಉಪ್ಪೂ ಒಳಗೆ ಬಂದದ್ದಿಲ್ಲ. ಒಮ್ಮೆ ಬೆಕ್ಕು ಮೊಸರಿನ ಗಡಿಗೆ ಉರುಳಿಸಿ ಹೆಪ್ಪಿಗೂ ಮೊಸರು ಉಳಿಯದೆ ಹೋಯಿತು. ಪಕ್ಕದ ಮನೆಯ ಖಾಸೀಂಬಿ ಗೋಡೆಯಾಚೆಯಿಂದ ತಾನಾಗಿಯೇ ಬಟ್ಟಲು ಚಾಚಿದಳು. ಆಯಿ ಕೈ ಮುಂದೆ ಮಾಡಲಿಲ್ಲ. ಆಯಿ ಎಂದರೆ ಅಪ್ಪನ ತಾಯಿ, ಮನೆಯ ಯಜಮಾನಿ. ಉಗುರುಬೆಚ್ಚಗಿನ ಹಾಲಿಗೆ ಮೆಣಸಿನಕಾಯಿಯ ತೊಟ್ಟು ಹಾಕಿ, ಗಡಿಗೆಗೆ ಕಂಬಳಿ ಸುತ್ತಿ ಒಲೆಯ ಮೂಲೆಯಲ್ಲಿಟ್ಟಳು. ಅದು ಸರಿಯಾಗಿ ಹೆಪ್ಪುಗಟ್ಟುವವರೆಗೆ ನಾವೆಲ್ಲ ರೊಟ್ಟಿಯನ್ನು ಶೇಂಗಾ ಹಿಂಡಿಯ ಪುಡಿ, ಎಣ್ಣೆಯಲ್ಲಿ ಅದ್ದಿ ತಿಂದೆವು. ಅವ್ವನಿಗೆ ಇದು ನುಂಗಲಾರದ ಸಂಗತಿ. ಅವಳು ರಾಯಚೂರು ಪೇಟೆಯಲ್ಲಿ ಬೆಳೆದವಳು. ಅಲ್ಲಿ ಒಂದೇ ವಠಾರದಲ್ಲಿ ನಾಲ್ಕಾರು ಸಂಸಾರ, ಎಲ್ಲರ ಪಾತ್ರೆಯೂ ಎಲ್ಲರ ಮನೆಯಲ್ಲಿ. ಇಲ್ಲಿಗೆ ಬಂದ ಹೊಸದರಲ್ಲಿ ಖಾಸೀಂಬಿಯಿಂದ ಒಂದು ಲೋಟ ಚಹಾಪುಡಿ ತಂದಿದ್ದಕ್ಕೆ ಆಯಿ ಅದನ್ನು ಹಾಗೆಯೇ ವಾಪಸ್ಸು ಕಳಿಸಿ, ಲೋಟವನ್ನು ಎರಡು ಸಲ ತೊಳೆಸಿದಳಂತೆ. ತೊಳೆಸಿದ್ದು ಮಡಿಗಲ್ಲ, ಅದರಲ್ಲಿ ಒಂದು ಪುಡಿಯೂ ಉಳಿದಿರಬಾರದು ಎಂದು.

ಇದಕ್ಕೆಲ್ಲ ಕಾರಣ ಊರಾಚೆಯ ಕಲ್ಲುಗಳು. ನಮ್ಮೂರು ದೇವದುರ್ಗದಿಂದ ಗೂಗಲ್ ಕಡೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಇದೆ. ಮನೆ ಊರಿನ ಕೊನೆಗೆ. ಮುಂದೆ ದನ ಕಟ್ಟುವ ಜಾಗ, ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ಕತ್ತಲ ಅಡಿಗೆಮನೆ. ಮಣ್ಣಿನ ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಒಳಗಿಳಿದು ಮಧ್ಯಾಹ್ನಕ್ಕೆ ಸರಿಯಾಗಿ ಬೀಸುಕಲ್ಲಿನ ಮೇಲೆ ಬೀಳುತ್ತಿತ್ತು. ಹಿತ್ತಲ ಬಾಗಿಲು ತೆಗೆದರೆ ಹೊಲ, ಹೊಲದ ಏರಿನಲ್ಲಿ ಆ ಕಲ್ಲುಗಳು. ಎಮ್ಮೆ ಮಲಗಿದಷ್ಟು ದೊಡ್ಡ ಗುಂಡುಗಳನ್ನು ಯಾರೋ ದುಂಡಗೆ ಸುತ್ತ ಇಟ್ಟಿದ್ದರು. ಅಂಥವು ಅಲ್ಲಿ ಹಲವು. ಕೆಲವುಗಳ ನಡುವೆ ಒಂದು ಚಪ್ಪಡಿ ಅರ್ಧ ಹೂತುಕೊಂಡಿತ್ತು. ಊರಿನವರು ಅವಕ್ಕೆ ಮೋರೇರ ಗುಂಡು ಎನ್ನುತ್ತಿದ್ದರು. ಯಾರೂ ಅಲ್ಲಿ ಕುಂಟೆ ಹೊಡೆಯುತ್ತಿರಲಿಲ್ಲ, ಒಂದು ಕಲ್ಲನ್ನೂ ಕದಲಿಸುತ್ತಿರಲಿಲ್ಲ. ಎಳ್ಳಮಾವಾಸ್ಯೆಯ ದಿನ ಎಲ್ಲರೂ ಭೂಮಿತಾಯಿಗೆಂದು ಹೊಲದಲ್ಲಿ ಅಡಿಗೆಯ ಚರಗ ಚೆಲ್ಲಿದರೆ, ಆಯಿ ಅದಕ್ಕೂ ಮೊದಲು ಕಡಬು, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಇಟ್ಟ ತಾಟು ಹಿಡಿದು ಆ ಕಲ್ಲುಗಳ ಹತ್ತಿರ ಹೋಗುತ್ತಿದ್ದಳು. ನಮ್ಮನ್ನು ದೂರ ನಿಲ್ಲಿಸಿ, ತಲೆಯ ಮೇಲೆ ಸೆರಗು ಹೊದ್ದು, ಬಾಗಿ ಏನೋ ಹೇಳುತ್ತಿದ್ದಳು. ಮನೆಯಲ್ಲಿ ಅಪ್ಪನನ್ನೂ ಗದರಿಸುವ ಆ ದೊಡ್ಡ ದನಿ ಅಲ್ಲಿ ಕೇಳಿಸುತ್ತಲೇ ಇರಲಿಲ್ಲ.

ಬೇಸಿಗೆಯ ಸಂಜೆ ಮಾಳಿಗೆಯ ಮೇಲೆ ನೀರು ಚಿಮುಕಿಸಿ, ಚಾಪೆ ಹಾಸಿಕೊಂಡು ಕೂತಾಗ ಕಲ್ಲುಗಳು ಚೆನ್ನಾಗಿ ಕಾಣುತ್ತಿದ್ದವು. ಆಗ ನಾನು ಕೇಳುತ್ತಿದ್ದೆ, ಆಯಿ ಹೇಳುತ್ತಿದ್ದಳು.

“ಮೋರೇರು ಅಂದ್ರ ಗಿಡ್ಡ ಮಂದಿ. ನಿನ್ನ ಸೊಂಟದಷ್ಟೂ ಇರಲಿಲ್ಲ. ಮೊಲ ಹೂಡಿ ಹೊಲಾ ಹೊಡೀತಿದ್ರು. ಆದ್ರ ಕಸುವು ನೋಡು, ಈ ಗುಂಡು ಅದಾವಲ್ಲ, ಒಂದೊಂದ ಕೈಲೆ ಎತ್ತಿ ಇಟ್ಟಾರ. ಬೆಂಕಿ ಮಳಿ ಬರ್ತದ ಅಂತ ಅವರಿಗೆ ಗೊತ್ತಾತು. ಮ್ಯಾಲಿಂದ ಬರ್ತದಂತ ಚಪ್ಪಡಿ ಹೊದಿಸಿ ಮನಿ ಕಟಗೊಂಡು ಒಳಗ ಕುಂತ್ರು. ಅದು ಬಾಗಲದಾಗ ಹಾದು ಬಂತು.”

“ಎಲ್ಲಾರೂ ಸತ್ರೇನು ಆಯಿ?”

“ಸತ್ರು. ಆದ್ರ ಮನಿತನಸ್ತರು. ಸತ್ತ ಮ್ಯಾಲೂ ಊರಿಗೆ ಆಸರಾದ್ರು.”

ಆಸರೆಯಾದದ್ದು ಹೀಗೆ. ಊರಲ್ಲಿ ಯಾರ ಮನೆಯಲ್ಲಿ ಮದುವೆ ಇದ್ದರೂ, ಹಿಂದಿನ ದಿನ ಹೋಗಿ ಕಲ್ಲುಗಳ ನಡುವೆ ಎಲೆ ಅಡಿಕೆ ಇಟ್ಟು, ಇಂತಿಂಥ ಪಾತ್ರೆ ಬೇಕು ಎಂದು ಕೈಮುಗಿದು ಬರಬೇಕು. ಬೆಳಕು ಹರಿಯುವಾಗ ಹಂಡೆ, ಕೊಪ್ಪರಿಗೆ, ಅಗಲ ತಟ್ಟೆಯಂಥ ಪರಾತ, ಸೌಟು ಎಲ್ಲ ಬೆಳಗಿದಂತೆ ಹೊಳೆಯುತ್ತ ಅಲ್ಲಿರುತ್ತಿದ್ದವು. ಮದುವೆ ಮುಗಿದ ಮೇಲೆ ತೊಳೆದು ಅಲ್ಲಿಯೇ ಇಟ್ಟು ಬರಬೇಕು. ಆಯಿಯ ಕಥೆ ಇಲ್ಲಿಗೆ ನಿಲ್ಲುತ್ತಿತ್ತು. ಮುಂದೇನಾಯಿತು ಎಂದರೆ “ಹೊತ್ತಾತು, ಉಣ್ಣು ನಡಿ” ಎಂದು ಏಳುತ್ತಿದ್ದಳು.

ಉಳಿದ ಅರ್ಧವನ್ನು ನನಗೆ ಹೇಳಿಕೊಟ್ಟದ್ದು ಶಾಲೆ. ಒಂದು ಮನೆಯವರು ಮದುವೆ ಮುಗಿದ ಮೇಲೆ ಎಲ್ಲ ಪಾತ್ರೆ ಇಟ್ಟು ಒಂದು ಸೌಟನ್ನು ಮಾತ್ರ ಮುಚ್ಚಿಟ್ಟುಕೊಂಡರಂತೆ. ಆವತ್ತಿಗೆ ಮೋರೇರು ಕೊಡುವುದನ್ನು ನಿಲ್ಲಿಸಿದರು. ಅಷ್ಟೇ ಅಲ್ಲ, ಆ ಮನೆಯ ಹೆಣ್ಣು ಕಾಲಿಟ್ಟ ಮನೆಯಲ್ಲಿ ಪಾತ್ರೆ ನಿಲ್ಲದಿರಲಿ ಎಂದು ಶಾಪ ಕೊಟ್ಟರು. ಆ ಮನೆ ನಮ್ಮದು. ಸೌಟು ನುಂಗಿದವರ ಮನೆ. ಶಾಲೆಯಲ್ಲಿ ನನಗೆ ಹೆಸರೇ ಇರಲಿಲ್ಲ, “ಸೌಟು” ಎಂದರೆ ನಾನು. ಬಳಪ ಮುರಿದರೆ ಪಕ್ಕದವಳನ್ನು ಕೇಳುತ್ತಿರಲಿಲ್ಲ. ಕೇಳಿದರೆ ಏನು ಬರುತ್ತದೆಂದು ಗೊತ್ತಿತ್ತು. “ಕೊಡಬ್ಯಾಡಲೇ, ತಿರುಗಿ ಬರೂದಿಲ್ಲ!” ನಾನು ಬಳಪದ ಚೂರುಗಳನ್ನೇ ಉಗುರಿನಲ್ಲಿ ಹಿಡಿದು ಬರೆಯುವುದನ್ನು ಕಲಿತೆ. ಬಾಯಾರಿದರೂ ನೀರು ಕೇಳದ, ದಾರಿ ತಪ್ಪಿದರೂ ದಾರಿ ಕೇಳದ ಒಂದು ಸ್ವಭಾವ ನನ್ನಲ್ಲಿ ಬಲಿತದ್ದು ಆ ವರ್ಷಗಳಲ್ಲಿ.

ನನಗಾದರೆ ಬರೀ ಅಡ್ಡಹೆಸರು. ಮಾದೇವತ್ತಿಗೆ ಅದು ಜೀವನವೇ ಆಗಿತ್ತು. ಮಾದೇವಿ ಅಪ್ಪನ ತಂಗಿ. ಎತ್ತರದ ಹೆಂಗಸು, ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ಹಳೆ ಸೀರೆಯ ತುಂಡುಗಳನ್ನು ಹರವಿಕೊಂಡು, ದಾರ ಹಲ್ಲಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಅವಳ ವಾರಿಗೆಯವರೆಲ್ಲ ಮಕ್ಕಳನ್ನು ಶಾಲೆಗೆ ಹಾಕಿದ್ದರು. ಅವಳಿಗೆ ಬಂದ ಎರಡು ಸಂಬಂಧ ಮಾತುಕತೆಯವರೆಗೆ ಬಂದು ಮುರಿದಿದ್ದವು. ಎರಡೂ ಸಲ ಗಂಡಿನ ಕಡೆಯವರು ನಮ್ಮ ಮನೆಯಲ್ಲಿ ಉಂಡು, ನಗುನಗುತ್ತ ಹೊರಟು, ಬಸ್ಸು ನಿಲ್ಲುವಲ್ಲಿ ಯಾರದೋ ಮಾತು ಕೇಳಿ, ಆಮೇಲೆ ಸುದ್ದಿಯನ್ನೇ ಕಳಿಸಲಿಲ್ಲ. ಎರಡನೆಯ ಸಲ ಹಾಗಾದಾಗ ಅತ್ತೆ ಅರ್ಧ ಹೊಲಿದ ಕೌದಿಯನ್ನು ಸುತ್ತಿ ಅಟ್ಟದ ಮೇಲೆ ಎಸೆದಳು. ಅದನ್ನು ಮತ್ತೆ ಕೆಳಗಿಳಿಸಲು ಬಹಳ ದಿನ ಹಿಡಿಯಿತು.

ಮೂರನೆಯ ಸಂಬಂಧ ತಂದವರು ರಾಯಚೂರಿನಲ್ಲಿದ್ದ ನನ್ನ ಸೋದರಮಾವ. ಗಂಡು ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಮೋಟಾರು ನೋಡಿಕೊಳ್ಳುವವನು, ಹೆಸರು ವೀರಭದ್ರ. ಮನೆ ನೀರಮಾನ್ವಿಯ ಆಚೆಯ ಒಂದು ಹಳ್ಳಿಯಲ್ಲಿ. ಅವನಿಗೂ ವಯಸ್ಸು ಸ್ವಲ್ಪ ಮೀರಿತ್ತು. ಈ ಸಲ ಅವ್ವ ಒಂದು ಉಪಾಯ ಹೂಡಿದಳು. ಹೆಣ್ಣು ನೋಡುವುದು ನಮ್ಮೂರಲ್ಲಿ ಬೇಡ, ರಾಯಚೂರಿನಲ್ಲಿ ಅಣ್ಣನ ಮನೆಯಲ್ಲಿಯೇ ಆಗಲಿ. ಅಲ್ಲಿ ಸೌಟಿನ ಸುದ್ದಿ ಹೇಳುವವರು ಯಾರಿದ್ದಾರೆ? ಅದರ ಮೇಲೆ ಅಡಿಗೆಮನೆಯಲ್ಲಿ ಜಗಳ ಎದ್ದಿತು.

“ಮುಚ್ಚಿಟ್ಟು ಮಗಳನ್ನ ಕೊಡೂ ಮಂದಿ ಅಲ್ಲ ನಾವು,” ಎಂದಳು ಆಯಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ.

“ಹೇಳಿ ಹೇಳಿ ಎರಡು ಸಂಬಂಧ ಹೋದುವಲ್ರೀ ಅತ್ತಿ. ಈಕೀಗೆ ಲಗ್ನಾ ಬ್ಯಾಡೇನು ಹಂಗಾರ?”

“ನಾ ಹೇಳಿಲ್ಲ. ಊರು ಹೇಳ್ಯಾದ.”

“ಅದಕ್ಕ ಊರ ಬಿಟ್ಟು ಮಾಡೋಣು ಅಂತೀನಿ.”

ಅಪ್ಪ ಎಂದಿನಂತೆ ಎದ್ದು ದನಕ್ಕೆ ನೀರು ತೋರಿಸಲು ಹೋದ. ಮಾದೇವತ್ತಿ ಒಲೆಯ ಮುಂದೆ ಕೂತು ಹೆಂಚಿನ ಮೇಲಿನ ರೊಟ್ಟಿಯನ್ನೇ ನೋಡುತ್ತಿದ್ದಳು. ಅದು ಸೀದು ಹೊಗೆ ಬರುವವರೆಗೂ ಯಾರ ಕಣ್ಣಿಗೂ ಬೀಳಲಿಲ್ಲ. ಕೊನೆಗೆ ಅವ್ವನ ಮಾತೇ ನಡೆಯಿತು. ನಾವೆಲ್ಲ ರಾಯಚೂರಿಗೆ ಹೋದೆವು. ಮಾವನ ಮನೆಯಲ್ಲಿ ಒಗ್ಗರಣೆ, ಮಿರ್ಚಿ, ಚಹಾದ ನಡುವೆ ಹೆಣ್ಣು ನೋಡುವುದು ಮುಗಿಯಿತು. ವೀರಭದ್ರ ತಲೆ ಎತ್ತಿ ಒಂದೇ ಸಲ ನೋಡಿದ. ಅವನ ತಾಯಿ ಬಸಲಿಂಗಮ್ಮ ದುಂಡುಮುಖದ, ಮಾತು ಕಡಿಮೆಯ ಹೆಂಗಸು. ಅತ್ತೆ ಹೊಲಿದ ಕೌದಿಯನ್ನು ತಿರುವಿ ತಿರುವಿ ನೋಡಿ, ಹೊಲಿಗೆಯ ಮೇಲೆ ಬೆರಳಾಡಿಸಿ, “ನಮಗ ಪಸಂದ ಅದ” ಎಂದಳು. ಅವ್ವ ಅಡಿಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು. ಆದರೆ ಬಸ್ಸಿಗೆ ಹೊರಡುವ ಮೊದಲು ಬಸಲಿಂಗಮ್ಮ ಹೇಳಿದ ಮಾತಿಗೆ ನಮ್ಮೆಲ್ಲರ ಮುಖ ಇಳಿಯಿತು.

“ಮುಂದಿನ ಸೋಮವಾರ ಮನಿ ನೋಡಾಕ ಬರ್ತೀವಿ.”

ಆ ವಾರ ಮನೆಯಲ್ಲಿ ಉಂಡದ್ದು ಯಾರ ಮೈಗೂ ಹತ್ತಲಿಲ್ಲ. ಅವ್ವ ಗೋಡೆಗೆಲ್ಲ ಸುಣ್ಣ ಬಳಿದಳು. ಅವರನ್ನು ಬಸ್ಸಿನ ಹತ್ತಿರ ಒಂಟಿಯಾಗಿ ಬಿಡಬಾರದು, ಅಪ್ಪನೇ ಹೋಗಿ ಕರೆತಂದು ಅಪ್ಪನೇ ಬಿಟ್ಟುಬರಬೇಕು ಎಂದು ಕಟ್ಟುನಿಟ್ಟು ಮಾಡಿದಳು. ನನಗೆ, ಬಾಯಿ ಬಿಟ್ಟರೆ ನೋಡು ಎಂದಳು. ಒಂದು ಮಧ್ಯಾಹ್ನ ಅತ್ತೆ ಹಿಟ್ಟು ಬೀಸುತ್ತ ಅವ್ವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

“ವೈನಿ, ಮುಚ್ಚಿಟ್ಟು ಹೋದ್ರ ನಾ ಅಲ್ಲಿ ದಿನಾ ಅಂಜಿಕೊಂಡ ಬಾಳ್ವಿ ಮಾಡಬೇಕಾಗ್ತದ. ಒಂದ ತಾಟು ಬಿದ್ದು ಸಪ್ಪಳಾದ್ರೂ ಎದಿ ಧಸಕ್ ಅಂತದ ನೋಡ್ರಿ.”

“ಮೊದಲ ಹೋಗು. ಅಂಜೂದು ಆಮ್ಯಾಲ,” ಎಂದಳು ಅವ್ವ.

ಸೋಮವಾರ ಬಂದರು. ಬಸಲಿಂಗಮ್ಮ, ಅವಳ ಗಂಡ, ಜೊತೆಗೆ ವೀರಭದ್ರ. ಪಡಸಾಲೆಯಲ್ಲಿ ಕೂತು ಹೋಳಿಗೆ ಉಂಡರು. ಆಯಿ ಬಾಗಿಲ ಪಕ್ಕ ಗೋಡೆಗೊರಗಿ ಕೂತಿದ್ದಳು. ಕೈ ತೊಳೆಯಲೆಂದು ಬಸಲಿಂಗಮ್ಮ ಹಿತ್ತಲಿಗೆ ಹೋದಳು. ಅವ್ವ ತಂಬಿಗೆ ಹಿಡಿದು ಹಿಂದೆಯೇ ಓಡಿದಳು. ಎಷ್ಟು ಹೊತ್ತಾದರೂ ಇಬ್ಬರೂ ಒಳಗೆ ಬರಲಿಲ್ಲ. ನಾನು ಇಣುಕಿದೆ. ಬಸಲಿಂಗಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವುದನ್ನೂ ಮರೆತು ಹೊಲದ ಏರನ್ನು ನೋಡುತ್ತ ನಿಂತಿದ್ದಳು.

“ಅಲ್ಲಿ ಗುಂಡು ದುಂಡಗ ಇಟ್ಟಾವಲ್ಲ, ಏನವು?”

“ಏನಿಲ್ರೀ,” ಎಂದಳು ಅವ್ವ. “ಹೊಲಾ ಹಸನ ಮಾಡುವಾಗ ತಗದು ಒಟ್ಟಿದ್ದು.”

“ಅಲ್ರೀ ಅತ್ತಿ.” ಅಡಿಗೆಮನೆಯ ಬಾಗಿಲಲ್ಲಿ ಮಾದೇವತ್ತಿ ನಿಂತಿದ್ದಳು. ಕಣ್ಣು ಕೆಳಗಿಳಿಸಲಿಲ್ಲ. “ಅವು ಮೋರೇರ ಗುಂಡು. ಲಗ್ನಕ್ಕ ಪಾತ್ರಿ ಕೊಡ್ತಿದ್ರಂತ. ಒಂದು ಮನಿಯವರು ಸೌಟು ಮುಚ್ಚಿಟಗೊಂಡ್ರಂತ. ಅದು ನಮ್ಮನಿ ಅಂತ ಊರೆಲ್ಲಾ ಅಂತದ. ನಾ ಬಂದ ಮನ್ಯಾಗ ಪಾತ್ರಿ ನಿಲ್ಲೂದಿಲ್ಲ ಅಂತಾರ. ನಿಮಗ ಯಾರರ ಹೇಳೂದಕಿಂತ ನಾನ ಹೇಳೀನಿ. ನೀವು ಬ್ಯಾಡ ಅಂದ್ರ ಬ್ಯಾಡ.”

ಅವ್ವ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ತಲೆಗೆ ಕೈ ಹೊತ್ತು ಕೂತುಬಿಟ್ಟಳು. ಒಳಗೆ ಆಯಿಯ ಬಳೆ ಸದ್ದಾಯಿತು. ಬಸಲಿಂಗಮ್ಮ ಅತ್ತೆಯ ಮುಖವನ್ನೇ ನೋಡಿದಳು. ಆಮೇಲೆ ಅವಳ ಗಲ್ಲ ಅದುರಿತು. ಅಳುತ್ತಾಳೆ ಎಂದುಕೊಂಡೆ. ಅಲ್ಲ, ನಗು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಕೊನೆಗೆ ಗೋಡೆ ಹಿಡಿದು ನಿಲ್ಲುವಂತೆ. ನಗುತ್ತಲೇ ಒಳಗಿದ್ದ ಗಂಡನನ್ನು ಕೂಗಿದಳು.

“ಕೇಳಿರೇನ್ರಿ! ಇಲ್ಲಿ ಬರ್ರಿ! ಇವರು ಸೌಟಿನವರಂತ!”

ಅವಳ ಗಂಡ ಹಿತ್ತಲಿಗೆ ಬಂದು, ಕಲ್ಲುಗಳನ್ನು ನೋಡಿ, ಹೆಂಡತಿಯನ್ನು ನೋಡಿ, ರುಮಾಲು ತೆಗೆದು ತಲೆ ಕೆರೆದುಕೊಂಡರು. ನಾವು ಏನೂ ಅರ್ಥವಾಗದೆ ನಿಂತಿದ್ದೆವು. ಬಸಲಿಂಗಮ್ಮ ಮಾದೇವತ್ತಿಯ ಕೈ ಹಿಡಿದುಕೊಂಡಳು.

“ಯವ್ವಾ, ನಮ್ಮೂರಾಗೂ ಇಂಥಾ ಗುಂಡು ಅದಾವ. ಅಲ್ಲೂ ಲಗ್ನಕ್ಕ ಪಾತ್ರಿ ಕೊಡ್ತಿದ್ರು. ಅಲ್ಲೂ ಒಂದು ಮನಿಯವರು ಮುಚ್ಚಿಟಗೊಂಡ್ರು. ಯಾರ ಮನಿ ಹೇಳು? ನಮ್ದ! ನೀವು ಬರೇ ಸೌಟು. ನಾವು ಪರಾತನ ಹೊಡಕೊಂಡ ಮಂದಿ!”

“ಪರಾತ?” ಎಂದಳು ಅವ್ವ.

“ಪರಾತ! ಇಷ್ಟು ಅಗಲದ್ದು. ನನ್ನ ಲಗ್ನದಾಗ ನಮ್ಮಪ್ಪಗ ಮಂದಿ ಹೇಳಿದ್ರು, ಪರಾತ ನುಂಗಿದೋರ ಮನಿಗೆ ಮಗಳ ಕೊಡಾಕತ್ತಿ, ನೋಡ್ಕೋ ಅಂತ. ನನ್ನ ಮಗಗ ಎಷ್ಟು ಕನ್ಯಾ ತಪ್ಪಿದುವು ಇದರಾಗ. ನೀವು ರಾಯಚೂರಾಗ ನೋಡೋಣು ಅಂದಾಗ, ದೇವರ ಬಂದಂಗಾತು ಅಂತ ಕೈ ಮುಗದೆ. ನಮ್ಮೂರಿಗೆ ಯಾರೂ ಬರೂದು ಬ್ಯಾಡಾಗಿತ್ತು ನಮಗ!”

ಅಷ್ಟು ಹೊತ್ತಿಗೆ ಆಯಿ ಹೊಸ್ತಿಲಿಗೆ ಬಂದಿದ್ದಳು. ಅವಳು ನಗಲಿಲ್ಲ. ಯಾರೋ ತನ್ನದನ್ನು ಕಸಿದುಕೊಂಡಂತೆ ಹುಬ್ಬು ಗಂಟಿಕ್ಕಿ ನಿಂತಿದ್ದಳು.

“ಅದೆಂಗ? ನಮ್ಮ ಕಥಿ ನಿಮ್ಮೂರಾಗ ಹೆಂಗ?”

“ನಮ್ಮದಂತ ನಾವು ತಿಳಕೊಂಡಿದ್ವಿ, ಅಮ್ಮಾ.”

“ನಿಮ್ಮ ಪರಾತ… ಹುಡಿಕಿದ್ರೇನು?”

“ಹುಡುಕದ ಬಿಟ್ಟೀವೇನ್ರಿ? ನಮ್ಮತ್ತಿ ಸಾಯೂ ಮಟಾ ಅಟ್ಟ ಹತ್ತಿ ಇಳದು ಮಾಡಿದ್ಳು. ಇದ್ರ ಅಲ್ಲೇನು ಕೊಡೂದು!”

ಆಯಿ ಅಲ್ಲೇ ಕೂತಳು. ಅವಳ ಬಾಯಿಂದ ಮುಂದೆ ಬಂದದ್ದು ಮನೆಯಲ್ಲಿ ಯಾರಿಗೂ, ಅಪ್ಪನಿಗೂ ಗೊತ್ತಿರಲಿಲ್ಲ. ಮದುವೆಯಾಗಿ ಬಂದ ಮೊದಲ ವರ್ಷ, ನೀರಿಗೆ ಹೋದಾಗ ಹೆಂಗಸರ ಮಾತು ಕೇಳಿ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಜೋಳ ತುಂಬುವ ನೆಲದಡಿಯ ಹಗೇವಿಗೆ ಒಬ್ಬಳೇ ಇಳಿದಿದ್ದಳಂತೆ. ತಳದ ಮಣ್ಣನ್ನೆಲ್ಲ ಕೈಯಿಂದ ಕೆದರಿ ನೋಡಿದಳಂತೆ. ಸಿಕ್ಕರೆ ಬೆಳಗಿ, ತೊಳೆದು, ಕಲ್ಲುಗಳ ನಡುವೆ ಇಟ್ಟು ಬಂದರೆ ಎಲ್ಲ ಮುಗಿಯುತ್ತದೆ ಎಂದು.

“ಇರಲಿಲ್ಲ,” ಎಂದಳು. “ಏನೂ ಇರಲಿಲ್ಲ. ಪ್ರತಿ ಎಳ್ಳಮಾವಾಸಿಗೆ ಹೋಗಿ ಅದನ್ನ ಹೇಳ್ತಿದ್ದೆ ಅವರಿಗೆ. ಹುಡುಕೀನಿ, ನಮ್ಮ ಮನ್ಯಾಗ ಇಲ್ರೀ ಯಪ್ಪಾ, ಅಂತ.”

ಬಸಲಿಂಗಮ್ಮನ ನಗು ನಿಂತಿತು. ಆಯಿಯ ಪಕ್ಕ ಹೊಸ್ತಿಲ ಮೇಲೆಯೇ ಕೂತು, ಅವಳ ಮೊಣಕಾಲಿನ ಮೇಲೆ ಕೈ ಇಟ್ಟಳು. ಇಬ್ಬರೂ ಕಲ್ಲುಗಳ ಕಡೆ ನೋಡಿದರು. ಆಮೇಲೆ ಆಯಿ ಉಸಿರು ಬಿಟ್ಟಳು. ಅಷ್ಟು ಉದ್ದದ ಉಸಿರು ಒಬ್ಬ ಮನುಷ್ಯನೊಳಗೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಉಸಿರು ಮುಗಿಯುವಷ್ಟರಲ್ಲಿ ಅವಳ ಭುಜ ಅಲುಗತೊಡಗಿತ್ತು, ಮತ್ತು ಈ ಸಲವೂ ಅದು ನಗುವೇ.

“ಎಲ್ಲಾ ಊರಾಗೂ ಒಂದೊಂದು ಮನಿ ಹಿಡದಾರ ಹಂಗಾರ,” ಎಂದಳು. “ಭಾಡ್ಯಾಗಳು!”

ಮೋರೇರನ್ನು ಬೈದಳೋ ಊರಿನವರನ್ನು ಬೈದಳೋ ಇವತ್ತಿಗೂ ತಿಳಿಯದು. ಹಿತ್ತಲೆಲ್ಲ ನಗು ತುಂಬಿತು. ವೀರಭದ್ರ ಪಡಸಾಲೆಯಲ್ಲಿ ಒಬ್ಬನೇ ಕೂತು ಏನಾಯಿತೆಂದು ಕತ್ತು ಚಾಚುತ್ತಿದ್ದ. ಮಾದೇವತ್ತಿ ಅವನ ಮುಂದಿನ ಖಾಲಿ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ, ತುಪ್ಪ ಸುರಿದು ಒಳಗೆ ಹೋದಳು. ಅವನು ಅದನ್ನು ಪೂರ್ತಿ ತಿಂದ.

ಮದುವೆ ನಮ್ಮ ಮನೆಯ ಮುಂದೆಯೇ ಆಯಿತು. ಹಿಂದಿನ ದಿನ ಆಯಿ ಇಳಕಲ್ ಸೀರೆಯ ನೆರಿಗೆ ಸರಿಮಾಡಿಕೊಂಡು, ನನ್ನ ಕೈ ಹಿಡಿದು ಹೊರಟಳು. ನೇರ ಖಾಸೀಂಬಿಯ ಬಾಗಿಲಿಗೆ. ನಿಂತಳು, ಕೆಮ್ಮಿದಳು, ಬಾಗಿಲ ಚೌಕಟ್ಟನ್ನು ನೋಡಿದಳು.

“ಖಾಸೀಂಬೀ… ನಿಮ್ಮಲ್ಲಿ ಜಮಖಾನ ಅದಾವೇನು? ಮಂದಿ ಕುಂದ್ರಾಕ ಸಾಲೂದಿಲ್ಲ.”

ಖಾಸೀಂಬಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ಆಮೇಲೆ ಒಳಗಿದ್ದ ಮಗಳಿಗೆ ಓಣಿಗೆಲ್ಲ ಕೇಳುವಂತೆ ಕೂಗಿದಳು. “ಅರೇ, ಜಮಖಾನೇ ನಿಕಾಲೋ! ಅಮ್ಮಾ ಖುದ್ ಆಕೋ ಮಾಂಗ್‌ರೈಂ!” ಅಮ್ಮ ತಾವಾಗಿ ಬಂದು ಕೇಳಿದ್ದಾರೆ ಎಂಬುದು ಅಷ್ಟು ದೊಡ್ಡ ಸುದ್ದಿ. ಅಲ್ಲಿಂದ ಆಯಿಯನ್ನು ಹಿಡಿಯುವವರಿರಲಿಲ್ಲ. ಒಬ್ಬರ ಮನೆಯಲ್ಲಿ ಹಂಡೆ ಕೇಳಿದಳು, ಇನ್ನೊಬ್ಬರಲ್ಲಿ ಕೊಪ್ಪರಿಗೆ, ಬೇಕಿಲ್ಲದಿದ್ದರೂ ಮತ್ತೊಬ್ಬರಲ್ಲಿ ಈಳಿಗೆ. ಮದುವೆಯಾದ ಮೇಲೆ ತಾನೇ ನಿಂತು ಎಲ್ಲವನ್ನೂ ತೊಳೆಸಿ ಕಳಿಸಿದಳು. ಶಾಲೆಯಲ್ಲಿ ಹುಡುಗರು ಮತ್ತೆ “ಸೌಟು” ಎಂದಾಗ ನಾನು ಮೊದಲ ಸಲ ತಿರುಗಿ ನಿಂತು, ಮಾನ್ವಿ ಕಡೆಯ ಪರಾತದ ಕಥೆ ಹೇಳಿದೆ. ಅವರು ಬಾಯಿ ಬಿಟ್ಟುಕೊಂಡು ಕೇಳಿದರು. ಹೆಸರು ಆಮೇಲೂ ಕೆಲವು ದಿನ ಉಳಿಯಿತು, ಆದರೆ ಅದರಲ್ಲಿ ಮುಳ್ಳಿರಲಿಲ್ಲ. ಒಂದು ದಿನ ಪಕ್ಕದವಳ ಹತ್ತಿರ ಬಳಪ ಕೇಳಿದೆ. ಅವಳು ಕೊಟ್ಟಳು. ಅಷ್ಟೇ. ಅದು ಅಷ್ಟು ಸುಲಭವೆಂದು ತಿಳಿದು ನನಗೆ ಸ್ವಲ್ಪ ಸಿಟ್ಟೂ ಬಂತು.

ಆಯಿ ಈಗಿಲ್ಲ. ನಾನು ರಾಯಚೂರಿನಲ್ಲಿದ್ದೇನೆ. ನಮ್ಮ ಗಲ್ಲಿಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರಿದ್ದಾರೆ. ಈಚೆಗೆ ಮಾತಿಗೆ ಮಾತು ಬಂದು ಅವರಿಗೆ ಕಲ್ಲುಗಳ ಸುದ್ದಿ ಹೇಳಿದೆ. ಅವು ಬಹಳ ಹಿಂದಿನ ಜನರ ಸಮಾಧಿಗಳು ಎಂದರು. ಸತ್ತವರ ಜೊತೆಗೆ ಮಡಕೆ, ಬಟ್ಟಲು, ತಟ್ಟೆಗಳನ್ನೂ ಹೂಳುತ್ತಿದ್ದರಂತೆ. ಅಗೆದ ಕಡೆ ಅವು ಸಿಗುತ್ತವಂತೆ, ಕೆಂಪು, ಕಪ್ಪು, ನುಣ್ಣಗೆ ತಿಕ್ಕಿದವು. ಯಾವ ಕಾಲದಲ್ಲೋ ನೇಗಿಲಿಗೆ ಸಿಕ್ಕ ಅಂಥ ಮಡಕೆಗಳಿಂದಲೇ ಪಾತ್ರೆ ಕೊಡುವವರ ಕಥೆ ಹುಟ್ಟಿರಬಹುದು ಎಂದರು. ಮನೆಗೆ ಬಂದವಳೇ ಮಾದೇವತ್ತಿಗೆ ಫೋನ್ ಮಾಡಿದೆ. ಅವಳಿಗೀಗ ಮೊಮ್ಮಕ್ಕಳ ಮದುವೆಯ ಓಡಾಟ. ಎಲ್ಲ ಹೇಳಿದೆ.

“ಪಾತ್ರಿ ಒಳಗನ ಅದಾವಂತೇನು?” ಎಂದಳು.

“ಅದಾವಂತ ಅತ್ತಿ.”

ಆ ಕಡೆ ಯಾರೋ ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುವುದು ಕೇಳಿಸಿತು.

“ಹಂಗಾರ ಅವರ ಸಾಮಾನು ಅವರ ಹಂತ್ಯಾಕನ ಅದಾವಲ್ಲಬೇ. ಯಾರೂ ಏನೂ ಒಯ್ದಿಲ್ಲ.”

ಆಮೇಲೆ ಫೋನನ್ನು ಬಾಯಿಂದ ದೂರ ಹಿಡಿದು ಗಂಡನನ್ನು ಕೂಗಿದಳು.

“ಕೇಳಿರೇನ್ರಿ! ಪರಾತ ಸಿಕ್ತಂತ!”

ದೂರದಿಂದ ವೀರಭದ್ರ ಮಾವನ ನಿದ್ದೆಗಣ್ಣಿನ ದನಿ ಬಂತು. “ತೊಳದ ಇಡಾಕ ಹೇಳು!”